ಗೌಜಗನಕಟ್ಟೆಯ ಬಿನ್ನಹ

ಪರಮಪೂಜ್ಯ ಶ್ರೀ ತೃಪ್ತಾನಂದ ಸ್ವಾಮಿಗಳು ಗೌಜಗನಕಟ್ಟೆಯ ಹುಣಸೆತೋಪಿನಲ್ಲಿ ನೆಲೆಸಿದ್ದ ಕಾಲದಲ್ಲಿ ನಡೆದ ಪ್ರಸಂಗವಿದು. ಮಠವೆಂದು ಕರೆಯಲು ಅಲ್ಲಿ ಏನೂ ಇರಲಿಲ್ಲ. ಮಣ್ಣಿನ ಗೋಡೆಯ ಮೇಲೆ ಹುಲ್ಲು ಹೊದಿಸಿದ ಒಂದು ಗುಡಿಸಲು, ಎದುರಿಗೆ ಸೆಗಣಿ ಸಾರಿಸಿದ ಅಂಗಳ, ಬಂದವರು ಕೂರಲು ಈಚಲು ಚಾಪೆ. ಶ್ರೀಗಳು ಬೆಳಗ್ಗೆ ತಾವೇ ಅಂಗಳ ಗುಡಿಸುತ್ತಿದ್ದರು, ಭಕ್ತರು ತಂದ ರಾಗಿಹಿಟ್ಟಿನಲ್ಲಿ ಬಂದವರಿಗೂ ತಮಗೂ ಅಂಬಲಿ ಕಾಯಿಸುತ್ತಿದ್ದರು. ಸುತ್ತಲ ಹಳ್ಳಿಗಳವರು ಅವರನ್ನು ತೋಪಿನ ಬುದ್ಧಿಯವರೆಂದು ಕರೆಯುತ್ತಿದ್ದರು. ಜನ ಬರುತ್ತಿದ್ದರು, ನೆರಳಿನಲ್ಲಿ ಕೂರುತ್ತಿದ್ದರು, ಹಗುರವಾದ ಮುಖ ಹೊತ್ತು ಹೋಗುತ್ತಿದ್ದರು.

ಒಂದು ಬೇಸಿಗೆಯ ರಜದಲ್ಲಿ ಪಂಡಿತ ಅಳಸಿಂಗಾಚಾರ್ಯರು ಆ ತೋಪಿಗೆ ಬಂದರು. ಅವರು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರು. ಅಲಂಕಾರಶಾಸ್ತ್ರ ಅವರಿಗೆ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಸನ್ಮಾನಪತ್ರವಾಗಲಿ, ಸರ್ಕಾರಕ್ಕೆ ಮನವಿಯಾಗಲಿ, ಆ ಸೀಮೆಯವರೆಲ್ಲ ಅವರ ಬಾಗಿಲಿಗೇ ಹೋಗುತ್ತಿದ್ದರು. ಓದುವವರ ಮನಸ್ಸನ್ನು ಬರವಣಿಗೆ ಹೇಗೆ ಒಲಿಸಿಕೊಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವ ಪಠ್ಯವೊಂದನ್ನು ಬರೆಯುವುದರಲ್ಲಿ ಅವರು ಆಗ ತೊಡಗಿದ್ದರು. ಸಾಧುಸಂತರ ಸುತ್ತ ಜನ ಸೇರುವುದೂ ಮಾತಿನ ಕಲೆಯಿಂದಲೇ, ಮಹಿಮೆ ಎನ್ನುವುದೆಲ್ಲ ಚೆನ್ನಾಗಿ ಆರಿಸಿದ ಪದಗಳ ಕೆಲಸ ಎಂಬುದು ಅವರ ಗಟ್ಟಿಯಾದ ಅಭಿಪ್ರಾಯ. ಅದನ್ನು ಕಣ್ಣಾರೆ ಕಂಡು ಪಠ್ಯದಲ್ಲಿ ಸೇರಿಸಬೇಕೆಂದು ಅವರು ಬಂದಿದ್ದರು.

ಆಚಾರ್ಯರು ನೇರ ಮನುಷ್ಯರು. ಬಂದೊಡನೆ ಶ್ರೀಗಳೆದುರು ನಿಂತು, ತಾವು ಭಕ್ತಿಯಿಂದ ಬಂದವರಲ್ಲವೆಂದೂ, ಜನ ಇಲ್ಲಿಗೆ ಏಕೆ ಬರುತ್ತಾರೆಂದು ತಿಳಿಯಲು ಬಂದವರೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಶ್ರೀಗಳು ನಕ್ಕರು. "ತಿಳಿದರೆ ನನಗೂ ಹೇಳಿ," ಎಂದು ಚಾಪೆ ತೋರಿಸಿದರು.

ಆಚಾರ್ಯರು ಹಲವು ದಿನ ಆ ಚಾಪೆಯ ಮೇಲೆ ಕುಳಿತು ಕಿವಿಗೊಟ್ಟರು. ಕೇಳಿಸಿದ್ದಾದರೂ ಏನು? ಉಂಡಿರಾ ಎಂದು ಶ್ರೀಗಳು ಬಂದವರನ್ನು ವಿಚಾರಿಸುತ್ತಿದ್ದರು. ಹಸು ಕರು ಹಾಕಿತೇ ಎಂದು ಕೇಳುತ್ತಿದ್ದರು. ಗಂಡನೊಡನೆ ಜಗಳವಾಡಿ ಬಂದ ಹೆಂಗಸೊಬ್ಬಳು ಅರ್ಧ ದಿನ ಅತ್ತರೆ ಅವರು ಅರ್ಧ ದಿನವೂ ಎದುರಿಗೆ ಕುಳಿತಿದ್ದು, ಕೊನೆಗೆ ಅಂಬಲಿ ಕೊಟ್ಟು ಕಳಿಸಿದರು. ಉಪಮೆಯಿಲ್ಲ, ದೃಷ್ಟಾಂತವಿಲ್ಲ, ಮಾತಿಗೆ ಏರಿಳಿತವೂ ಇಲ್ಲ. ಇಂಥದ್ದನ್ನು ಪಠ್ಯದಲ್ಲಿ ಹಾಕುವುದಾದರೂ ಹೇಗೆಂದು ಆಚಾರ್ಯರಿಗೆ ಬೇಸರ ಬಂತು. ನಾಳೆ ಹೊರಟುಬಿಡುವುದೆಂದು ಗಂಟು ಕಟ್ಟುತ್ತಿದ್ದಾಗ ಊರಿನ ಪಟೇಲರಾದ ಮೂಡಲಗಿರಿಯಪ್ಪನವರು ತೋಪಿಗೆ ಬಂದರು.

ಪಟೇಲರಿಗೆ ಕಟ್ಟೆಯ ಚಿಂತೆ. ಊರಿಗೆ ಹೆಸರು ಕೊಟ್ಟ ಕಟ್ಟೆ ಅದು. ಸುತ್ತಲ ಹಳ್ಳಿಗಳ ದನಕರುಗಳಿಗೂ ಅದೇ ನೀರು. ವರ್ಷವರ್ಷವೂ ಹೂಳು ತುಂಬಿ ಆಳ ಕಡಿಮೆಯಾಗುತ್ತ ಬಂದಿತ್ತು. ಮಳೆಗೆ ಮುಂಚೆ ಎಲ್ಲರೂ ಸೇರಿ ಹೂಳು ತೆಗೆಯಬೇಕೆಂದು ಚಾವಡಿಯಲ್ಲಿ ಮಾತಾಗುವುದು, ನೆರೆಯ ಹಳ್ಳಿಗಳವರು ಹೂಂ ಎನ್ನುವುದು, ಕೆಲಸದ ದಿನ ಯಾರೂ ಬಾರದಿರುವುದು, ಇದೇ ನಡೆದಿತ್ತು. ಈ ಸಲ ಬುದ್ಧಿಯವರ ಹೆಸರಿನಲ್ಲಿ ಒಂದು ಬಿನ್ನಹ ಹೋದರೆ ಜನ ಕೇಳಿಯಾರು ಎಂದು ಪಟೇಲರು ಬೇಡಿಕೊಂಡರು. ತಮಗೆ ಬರೆದು ಅಭ್ಯಾಸವಿಲ್ಲವೆಂದ ಶ್ರೀಗಳು ಆಚಾರ್ಯರ ಕಡೆ ತಿರುಗಿ, ಬಲ್ಲವರು ಇಲ್ಲೇ ಇದ್ದಾರಲ್ಲ ಎಂದರು.

ಆಚಾರ್ಯರ ಬೇಸರ ಅಲ್ಲಿಗೆ ಹಾರಿಹೋಯಿತು. ಬರವಣಿಗೆಯ ಬಲವೇನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಕಟ್ಟೆಯ ಏರಿಯ ಮೇಲೆ ಕಟ್ಟೆಯಮ್ಮನ ಪುಟ್ಟ ಗುಡಿ ಇರುವುದನ್ನು ಅವರು ನೋಡಿದ್ದರು. ಹಳ್ಳಿಯವರು ಮಕ್ಕಳಿಗೆ ಜ್ವರ ಬಂದರೆ ಆ ತಾಯಿಗೆ ಹರಸಿಕೊಳ್ಳುವುದನ್ನೂ ಕೇಳಿದ್ದರು. ಒಂದೇ ಪಟ್ಟಿಗೆ ಕುಳಿತು ಬಿನ್ನಹ ಬರೆದು ಮುಗಿಸಿದರು. ಅದರ ನಡುವೆ ಈ ಮಾತುಗಳಿದ್ದವು:

"ತಾಯಿಯ ಕಣ್ಣಿಗೆ ಮಣ್ಣು ಬಿದ್ದಿದೆ. ಕಣ್ಣು ಮುಚ್ಚಿದ ತಾಯಿ ಯಾರ ಮಗುವನ್ನು ಕಾಯುವಳು? ಒಂದು ಮಂಕರಿ ಮಣ್ಣು ಹೊರದ ಮನೆಯಲ್ಲಿ ತೊಟ್ಟಿಲು ನಾಳೆಯೂ ತೂಗುವುದೆಂದು ಯಾರು ಬಲ್ಲರು?"

ಅದನ್ನು ಅವರು ಶ್ರೀಗಳಿಗೆ ಓದಿ ಹೇಳಿದರು. ಶ್ರೀಗಳು ಕಣ್ಣು ಮುಚ್ಚಿ ಕೇಳಿದರು. ಓದು ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ, ಮಾತು ಬಹಳ ಬಲವಾಗಿದೆ ಎಂದಷ್ಟೇ ಹೇಳಿ ಪಟೇಲರ ಕೈಗೆ ಕೊಟ್ಟರು.

ಬಿನ್ನಹದ ಪ್ರತಿಗಳು ಹಳ್ಳಿಹಳ್ಳಿಗೆ ಹೋದವು. ತಮಟೆ ಬಾರಿಸಿ ಜನರನ್ನು ಸೇರಿಸಿ ಚಾವಡಿಗಳಲ್ಲಿ ಅದನ್ನು ಓದಿದರು. ಗೊತ್ತುಮಾಡಿದ ದಿನ ಬೆಳಗಾಗುವಷ್ಟರಲ್ಲಿ ಕಟ್ಟೆಯ ಸುತ್ತ ಜನವೋ ಜನ. ಗುದ್ದಲಿ, ಸಲಿಕೆ, ಮಂಕರಿ ಹಿಡಿದು ಗಂಡಸರು ಹೆಂಗಸರು ಸಾಲುಗಟ್ಟಿ ಬಂದರು. ಇಷ್ಟು ಮಂದಿಯನ್ನು ಪಟೇಲರು ಹಬ್ಬಗಳಲ್ಲೂ ಕಂಡಿರಲಿಲ್ಲ. ಶ್ರೀಗಳೂ ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮಂಕರಿ ಹೊತ್ತರು. ಆಚಾರ್ಯರು ಕೊಡೆ ಹಿಡಿದು ಏರಿಯ ಮೇಲೆ ಓಡಾಡುತ್ತಿದ್ದರು. ರೂಪಕ ಹೀಗೆ ಕೆಲಸ ಮಾಡಿತು, ಪ್ರಶ್ನೆ ಹೀಗೆ ನಾಟಿತು ಎಂದು ಮನಸ್ಸಿನಲ್ಲೇ ಪಾಠ ಹೊಸೆಯುತ್ತ ಅವರು ಪರಮ ಸಂತೋಷದಲ್ಲಿದ್ದರು.

ಬಿಸಿಲು ಏರಿದಾಗ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳ ಕಾಲು ತಡವರಿಸಿತು. ಹಿಂದಿದ್ದ ಶ್ರೀಗಳು ಕೈಚಾಚಿ ಅವಳ ತಲೆಯ ಮೇಲಿನ ಮಂಕರಿಯನ್ನು ಹಿಡಿದು ಇಳಿಸಿದರು. ಸುಡುವ ಬಿಸಿಲಿನಲ್ಲೂ ಅವಳ ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿತ್ತು. ಮುಖ ಬಿಳಿಚಿಕೊಂಡಿತ್ತು. ಹಸಿ ಬಾಣಂತಿ. ನೆರೆಯ ಹಳ್ಳಿಯ ಕುರಿ ಸಾಕುವವರ ಮನೆಯ ಸೊಸೆ, ಸಣ್ಣೀರಮ್ಮ ಎಂದು ಹೆಸರು. ಅತ್ತೆ ಆಚೆ ಮರದ ನೆರಳಿನಲ್ಲಿ ಕೂಸನ್ನು ಇಟ್ಟುಕೊಂಡು ಕುಳಿತಿದ್ದಳು. ಕೂಸು ಹಸಿದು ಅಳುತ್ತಿರುವುದು ಇಲ್ಲಿಗೂ ಕೇಳುತ್ತಿತ್ತು.

ಶ್ರೀಗಳು ಅವಳನ್ನು ಕೂರಿಸಿ, ನೀರು ಕುಡಿಸಿ, ಈ ಸ್ಥಿತಿಯಲ್ಲಿ ಏಕೆ ಬಂದೆ ತಾಯಿ ಎಂದು ಕೇಳಿದರು. ಅವಳು ತಲೆ ಎತ್ತಲಿಲ್ಲ. ಮೊದಲ ಎರಡು ಕೂಸುಗಳು ಉಳಿಯಲಿಲ್ಲವೆಂದೂ, ಇದು ಮೂರನೆಯದೆಂದೂ ಹೇಳಿದಳು. ಮನೆಯವರು ಬೇಡವೆಂದಿದ್ದರಂತೆ. ಗಂಡ ತಾನೇ ನಿನ್ನ ಪಾಲಿನದನ್ನೂ ಹೊರುತ್ತೇನೆಂದಿದ್ದನಂತೆ. ಆದರೂ ಅವಳಿಗೆ ಧೈರ್ಯ ಬಂದಿರಲಿಲ್ಲ.

"ಚಾವಡೀಲಿ ಓದಿದ್ರಲ್ಲ ಬುದ್ಧಿ," ಎಂದಳು. "ಕಣ್ಣು ಮುಚ್ಚಿದ ತಾಯಿ ಯಾರ ಮಗುವನ್ನು ಕಾಯುವಳು ಅಂತ. ಮಣ್ಣು ಹೊರದ ಮನೆ ತೊಟ್ಲು ನಾಳೆಯೂ ತೂಗೋದು ಯಾರು ಬಲ್ಲರು ಅಂತ. ಅದನ್ನ ಕೇಳ್ದಾಗಿಂದ ತೊಟ್ಲು ಬಿಟ್ಟು ಏಳಕ್ಕೂ ಭಯ, ಕೂರಕ್ಕೂ ಭಯ."

ಓದು ಬರಹ ಅರಿಯದ ಅವಳು ಆ ಸಾಲುಗಳನ್ನು ಹೆಚ್ಚುಕಡಿಮೆ ಬರೆದಿದ್ದಂತೆಯೇ ಒಪ್ಪಿಸಿದಳು. ಪಕ್ಕದಲ್ಲೇ ನಿಂತಿದ್ದ ಆಚಾರ್ಯರು ಅದನ್ನು ಕೇಳಿಸಿಕೊಂಡರು. ತಮ್ಮ ಸಾಲನ್ನು ಜನ ಬಾಯಿಪಾಠ ಮಾಡಿಕೊಳ್ಳಬೇಕೆಂದು ಬಯಸದ ಲೇಖಕರು ಯಾರಿದ್ದಾರೆ? ಆದರೆ ಅಂದು ಅದು ಅವರ ಕಿವಿಗೆ ಇಂಪಾಗಲಿಲ್ಲ. ಕೈಯಲ್ಲಿದ್ದ ಕೊಡೆ ತಾನಾಗಿ ಕೆಳಗಿಳಿಯಿತು.

ಶ್ರೀಗಳು ಅವರನ್ನು ಗದರಿಸಲಿಲ್ಲ, ಕೆಂಗಣ್ಣಿನಿಂದ ನೋಡಲೂ ಇಲ್ಲ. ಮೊದಲು ಅತ್ತೆಯನ್ನು ಕರೆಸಿ ಕೂಸನ್ನು ತಾಯಿಯ ಮಡಿಲಿಗೆ ಕೊಡಿಸಿದರು. ಅವಳು ಸೆರಗು ಮರೆಮಾಡಿ ಹಾಲೂಡಿಸಿ, ಕೂಸು ಸುಮ್ಮನಾಗುವವರೆಗೂ ಎಲ್ಲರೂ ದೂರ ಸರಿದು ಕಾದರು. ಬಳಿಕ ಶ್ರೀಗಳು ಆಚಾರ್ಯರಿಗೆ ಹೇಳಿದರು:

"ಈ ಮಾತನ್ನು ಹೇಗೆ ಕಟ್ಟಿದಿರಿ, ಈ ತಾಯಿಗೆ ಬಿಡಿಸಿ ಹೇಳಿ."

ಆಚಾರ್ಯರು ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಹೇಳಿದವರು. ಅಂಥವರು ಕೊಡೆಯನ್ನು ಪಕ್ಕಕ್ಕಿಟ್ಟು, ಹೂಳಿನ ಮಣ್ಣಿನ ಮೇಲೆಯೇ ಸಣ್ಣೀರಮ್ಮನ ಎದುರು ಕುಳಿತರು. ಆ ಮಾತು ಬರೆದವನು ನಾನಮ್ಮ ಎಂದು ಮೊದಲು ಹೇಳಿದರು. ಅವಳು ಅರ್ಥವಾಗದವಳಂತೆ ಅವರ ಮುಖ ನೋಡಿದಳು.

ಅವರು ಒಂದೊಂದಾಗಿ ಬಿಡಿಸಿದರು. ಇದು ಕಟ್ಟೆ. ಇದರಲ್ಲಿರುವುದು ನೀರು ಮತ್ತು ಹೂಳು. ಕಟ್ಟೆಗೆ ಹೂಳು ತುಂಬಿದೆ ಎಂದರೆ ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಅದಕ್ಕಾಗಿ ಕಟ್ಟೆಯನ್ನು ತಾಯಿಯ ಕಣ್ಣು ಎಂದು ಕರೆದೆ. ಕಣ್ಣು ಎಂದು ನೀವು ಒಪ್ಪಿಕೊಂಡ ಮೇಲೆ ಅದು ಮುಚ್ಚಬಹುದು, ಮುಚ್ಚಿದರೆ ಕಾಯುವವರಿಲ್ಲ ಎಂದು ಮುಂದಕ್ಕೆ ಎಳೆದುಕೊಂಡು ಹೋಗುವುದು ಸುಲಭ. ಹಾಗೆ ಎಳೆದದ್ದು ನನ್ನ ಲೇಖನಿ, ದೇವಿಯಲ್ಲ.

ತೊಟ್ಟಿಲು ಎಂಬ ಪದ ಏಕೆ ಬಂತೆಂದು ಅವಳೇ ಕೇಳಿದಳು. ಆಚಾರ್ಯರು ತಡೆದು ತಡೆದು ಉತ್ತರಿಸಿದರು. ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಕಾಲಕ್ಕೆ ತೊಟ್ಟಿಲು ಕಟ್ಟಿರುತ್ತಾರೆ, ಯಾರಿಗೂ ಅದರ ವಿಷಯದಲ್ಲಿ ಧೈರ್ಯವಿರುವುದಿಲ್ಲ, ಹುಡುಕಿ ಹುಡುಕಿ ಎಲ್ಲಿ ಮುಟ್ಟಿದರೆ ನೋಯುತ್ತದೋ ಅಲ್ಲೇ ಮುಟ್ಟಿದೆ ಎಂದರು.

"ಮತ್ತೆ ಅದನ್ನ ಕೇಳೋ ಹಾಗೆ ಯಾಕೆ ಬರೆದ್ರಿ?" ಎಂದಳು ಸಣ್ಣೀರಮ್ಮ. "ಯಾರು ಬಲ್ಲರು ಅಂದ್ರಲ್ಲ."

"ಮಗುವಿಗೆ ಕೇಡಾಗುತ್ತದೆ ಎಂದು ನೇರವಾಗಿ ಬರೆದಿದ್ದರೆ, ಹಾಗಂತ ಯಾರು ಹೇಳಿದರು ಎಂದು ನೀನು ಕೇಳುತ್ತಿದ್ದೆ," ಎಂದರು ಆಚಾರ್ಯರು. "ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನೆ ಮಾಡಿ ಬಿಟ್ಟರೆ ಉತ್ತರವನ್ನು ನಿನ್ನ ಭಯವೇ ಹೇಳಿಕೊಳ್ಳುತ್ತದೆ. ಕೇಡಿನ ಮಾತನ್ನು ನಾನು ಹೇಳಿದಂತೆಯೂ ಆಗುವುದಿಲ್ಲ. ನೋಡಮ್ಮ, ಮಣ್ಣು ಹೊತ್ತ ಮನೆಯ ತೊಟ್ಟಿಲ ವಿಷಯವಾದರೂ ಯಾರಿಗೆ ಗೊತ್ತಿದೆ? ಅದನ್ನು ನಾನು ಬರೆಯಲಿಲ್ಲ."

ಸಣ್ಣೀರಮ್ಮನ ಮಡಿಲಲ್ಲಿ ಕೂಸು ನಿದ್ದೆಹೋಗಿತ್ತು.

"ಹಂಗಾರೆ ಇದು ಕಟ್ಟೆಯಮ್ಮ ಅಂದ ಮಾತಲ್ಲ. ನೀವು ಅಂದದ್ದು."

"ಹೌದಮ್ಮ. ನಾನು ಅಂದದ್ದು."

ಅವಳು ಉಸಿರು ಬಿಟ್ಟಳು. ಆ ಉಸಿರಿನೊಡನೆ ಅವಳ ಮುಖಕ್ಕೆ ಬಣ್ಣ ಮರಳಿದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಮನೆಗೆ ಹೋಗಿ ಮಲಗುತ್ತೇನೆ ಎಂದು ಶ್ರೀಗಳಿಗೆ ಕೈಮುಗಿದಳು. ಪಟೇಲರು ಗಾಡಿ ಕಟ್ಟಿಸಿ, ಹುಲ್ಲು ಹಾಸಿ, ತಾಯಿ ಮಗುವನ್ನು ಅತ್ತೆಯೊಡನೆ ಊರಿಗೆ ಕಳುಹಿಸಿದರು.

ಆದರೆ ಆಚಾರ್ಯರು ಬಿಡಿಸಿ ಹೇಳಿದ್ದನ್ನು ಸಣ್ಣೀರಮ್ಮ ಒಬ್ಬಳೇ ಕೇಳಿರಲಿಲ್ಲ. ಸುತ್ತ ಜನ ಕೂಡಿದ್ದರು. ಮಾತು ಬಾಯಿಂದ ಬಾಯಿಗೆ ಕಟ್ಟೆಯ ಆ ತುದಿಯವರೆಗೂ ಹೋಯಿತು. ಕೆಲವರಿಗೆ ನಿರಾಳವಾಯಿತು, ಕೆಲವರಿಗೆ ಸಿಟ್ಟು ಬಂತು. ನಮ್ಮನ್ನು ಹೆದರಿಸಿ ಕರೆಸಿದಿರಾ ಎಂದು ಒಬ್ಬ ಹಿರಿಯರು ಆಚಾರ್ಯರನ್ನು ಕೇಳಿಯೇ ಬಿಟ್ಟರು. ಹೌದೆಂದರು ಆಚಾರ್ಯರು. ಆ ಹಿರಿಯರು ಮಂಕರಿ ಕೆಳಗಿಟ್ಟು ತಮ್ಮ ಊರಿನವರನ್ನು ಕರೆದುಕೊಂಡು ಹೊರಟರು. ಅವರ ಹಿಂದೆ ಇನ್ನೂ ಹಲವರು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಕಟ್ಟೆಯಲ್ಲಿದ್ದ ಜನ ಅರ್ಧಕ್ಕೆ ಇಳಿದರು. ಹೂಳು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.

ಪಟೇಲರು ಶ್ರೀಗಳ ಬಳಿ ಬಂದು ಗೋಳಾಡಿದರು. ಮಳೆ ತಲೆಯ ಮೇಲಿದೆ, ಕೂಡಿದ ಜನ ಚದುರಿಹೋಯಿತು, ಆ ಬಾಣಂತಿಯನ್ನು ಮನೆಗೆ ಕಳಿಸಿದ್ದರೆ ಸಾಕಿತ್ತು, ಎಲ್ಲರೆದುರು ಬಿಡಿಸಿ ಹೇಳಿಸುವುದೇಕೆ ಬೇಕಿತ್ತು ಎಂದರು. ಶ್ರೀಗಳು ಮಂಕರಿ ತುಂಬುತ್ತಿದ್ದರು.

"ಹೋದವರು ಹೆದರಿಕೆ ಬಿಟ್ಟು ಹೋದರು. ಅದೂ ಒಂದು ಹೂಳೇ ಪಟೇಲರೇ," ಎಂದಷ್ಟೇ ಹೇಳಿ ಮಂಕರಿಯನ್ನು ತಲೆಗೇರಿಸಿಕೊಂಡರು.

ಸಂಜೆ ಶ್ರೀಗಳು ಕೈಕಾಲು ತೊಳೆದು ಅಂಗಳಕ್ಕೆ ಬಂದಾಗ ಆಚಾರ್ಯರು ಚಾಪೆಯ ಮೇಲೆ ಕೂರದೆ ಹೊರಗೆ ನಿಂತಿದ್ದರು. ಒಂದು ಪ್ರಶ್ನೆ ಅವರನ್ನು ಮಧ್ಯಾಹ್ನದಿಂದ ಕೊರೆಯುತ್ತಿತ್ತು. ಬಿನ್ನಹವನ್ನು ಮೊದಲೇ ಓದಿ ಹೇಳಿದ್ದೆನಲ್ಲ, ತಮ್ಮಂಥ ಜ್ಞಾನಿಗಳಿಗೆ ಆಗಲೇ ತಿಳಿದಿರಬೇಕು, ನನಗೆ ಬುದ್ಧಿ ಕಲಿಸಲೆಂದೇ ಸುಮ್ಮನಿದ್ದಿರಾ ಎಂದು ಕೇಳಿದರು.

ಶ್ರೀಗಳು ತಲೆಯಾಡಿಸಿದರು.

"ಇಲ್ಲ. ನಿಮ್ಮ ಮಾತು ನನಗೂ ಹಿಡಿಸಿಬಿಟ್ಟಿತ್ತು. ಕೇಳುವಾಗ ನನಗೇ ಒಂದು ಕ್ಷಣ ಹೆದರಿಕೆಯಾಯಿತು. ಒಳ್ಳೆಯ ಕೆಲಸವಾಗುತ್ತದಲ್ಲ, ಹೆದರಿಕೆಯಿಂದಾದರೇನು ಎಂದುಕೊಂಡು ಕೊಟ್ಟುಬಿಟ್ಟೆ. ಆ ತಾಯಿಯ ತಲೆಯ ಮೇಲೆ ಮಂಕರಿ ಇಟ್ಟವರಲ್ಲಿ ನಾನೂ ಒಬ್ಬ."

ಆಚಾರ್ಯರಿಗೆ ಕಣ್ಣು ತುಂಬಿತು. ಜನ ಈ ತೋಪಿಗೆ ಏಕೆ ಬರುತ್ತಾರೆಂಬುದು ಅವರಿಗೆ ಆ ಹೊತ್ತು ತಿಳಿಯಿತು. ಯಾರ ಕಾಲಿಗೂ ಸುಲಭವಾಗಿ ಬಾಗದಿದ್ದ ಅವರು ಸೆಗಣಿ ಸಾರಿಸಿದ ನೆಲದ ಮೇಲೆ ಸಾಷ್ಟಾಂಗ ನಮಸ್ಕರಿಸಿದರು. ಇನ್ನು ಮೇಲೆ ಲೇಖನಿ ಮುಟ್ಟುವುದಿಲ್ಲ, ಆ ಪಠ್ಯವನ್ನೂ ಬಿಟ್ಟುಬಿಡುತ್ತೇನೆ ಎಂದರು.

ಶ್ರೀಗಳು ಅವರನ್ನು ಎಬ್ಬಿಸಿ ಚಾಪೆಯ ಮೇಲೆ ಕೂರಿಸಿದರು.

"ಹಾಗೆ ಮಾಡಬೇಡಿ. ಮಾತು ಚೆಂದವೇ ಇರಲಿ. ಕೇಳಿದವರಿಗೆ ಬೇಡ ಅನ್ನೋದಕ್ಕೆ ಜಾಗ ಇರಲಿ. ಪಟೇಲರಿಗೆ ಇನ್ನೊಂದು ಬಿನ್ನಹ ಬೇಕಾಗಿದೆ."

ಆ ಬಿನ್ನಹ ಬರೆಯಲು ಆಚಾರ್ಯರಿಗೆ ಮರುದಿನದ ಬಹುಭಾಗ ಹಿಡಿಯಿತು. ಒಂದೊಂದು ವಾಕ್ಯವನ್ನೂ ಬರೆದು, ಇದು ಸಣ್ಣೀರಮ್ಮನ ಕಿವಿಗೆ ಬಿದ್ದರೆ ಏನಾದೀತು ಎಂದು ತಾವೇ ಕೇಳಿಕೊಳ್ಳುತ್ತಿದ್ದರು. ಕಟ್ಟೆಯಲ್ಲಿ ಆಳೆತ್ತರದ ಹೂಳಿದೆ ಎಂದು ಮೊದಲು ಬರೆದಿದ್ದರು. ಎದ್ದುಹೋಗಿ ಇಳಿದು ನೋಡಿ, ಬಂದು ಎದೆಮಟ್ಟ ಎಂದು ತಿದ್ದಿದರು. ಹೂಳು ತೆಗೆದರೆ ಬೇಸಿಗೆ ಮುಗಿಯುವವರೆಗೆ ನೀರು ನಿಂತೀತೆಂದು ಊರಿನ ಹಿರಿಯರ ಅಂದಾಜು ಎಂದು ಬರೆದರು. ತೊಟ್ಟಿಲ ಮಾತು ಬರೆದವನು ತಾನು, ಅದು ಯಾವ ದೇವರ ಮಾತೂ ಅಲ್ಲ, ಕ್ಷಮಿಸಬೇಕು ಎಂದರು. ಬಾಣಂತಿಯರು, ಬಸುರಿಯರು, ಮೈಯಲ್ಲಿ ಹುಷಾರಿಲ್ಲದವರು ಬರಬೇಡಿರಿ, ಕೈಲಾದವರು ಬನ್ನಿ, ಬಾರದವರ ದನಗಳಿಗೂ ಕಟ್ಟೆಯಲ್ಲಿ ನೀರುಂಟು ಎಂದು ಮುಗಿಸಿದರು.

ಒಂದು ಸಾಲಿನ ಬಗ್ಗೆ ಮಾತ್ರ ಅವರಿಗೆ ಅಳುಕು. "ಅಜ್ಜಂದಿರು ತೋಡಿದ ಕಟ್ಟೆ ನಮ್ಮ ಕಣ್ಣೆದುರೇ ತಟ್ಟೆಯಾಗುತ್ತಿದೆ" ಎಂದು ಬರೆದುಬಿಟ್ಟಿದ್ದರು. ಪ್ರಾಸದ ಚಪಲ, ಹೊಡೆದುಹಾಕಲೇ ಎಂದು ಶ್ರೀಗಳನ್ನು ಕೇಳಿದರು. ಶ್ರೀಗಳು ಮನಸಾರೆ ನಕ್ಕರು.

"ಇರಲಿ ಬಿಡಿ. ತಟ್ಟೆಗೆ ಯಾರೂ ಹೆದರುವುದಿಲ್ಲ."

ಎರಡನೆಯ ಬಿನ್ನಹಕ್ಕೆ ಮೊದಲಿನಷ್ಟು ಜನ ಬರಲಿಲ್ಲ. ಆದರೆ ಬಂದವರು ಮರುದಿನವೂ ಬಂದರು. ಸಿಟ್ಟಾಗಿ ಹೋಗಿದ್ದ ಹಿರಿಯರು ಎರಡು ದಿನ ತಡೆದು ತಮ್ಮ ಊರಿನವರೊಡನೆ ಮರಳಿದರು. ಬಂದವರೇ ಮೊದಲು ನೋಡಿದ್ದು, ಪಂಚೆ ಕಚ್ಚೆ ಹಾಕಿ ಮಂಕರಿ ಹೊರುತ್ತಿದ್ದ ಆಚಾರ್ಯರನ್ನು. ಅವರಿಗೆ ಮಂಕರಿ ಎತ್ತಿಕೊಡುತ್ತ, ತಟ್ಟೆಯನ್ನು ಕಟ್ಟೆ ಮಾಡೋಣ ನಡೀರಿ ಪಂಡಿತರೇ ಎಂದು ತಮಾಷೆ ಮಾಡಿದರು. ಆ ಮಾತು ಎಲ್ಲರ ಬಾಯಿಗೂ ಹತ್ತಿ, ಕೆಲಸದ ನಡುವೆ ದಣಿದಾಗಲೆಲ್ಲ ಯಾರಾದರೊಬ್ಬರು ಅದನ್ನು ಹೇಳಿ ನಗಿಸುತ್ತಿದ್ದರು. ಸಣ್ಣೀರಮ್ಮನ ಗಂಡ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಕೊನೆಯವರೆಗೂ ದುಡಿದ. ಮೊದಲ ಮಳೆ ಬೀಳುವಷ್ಟರಲ್ಲಿ ಒಂದು ಮೂಲೆ ಬಿಟ್ಟು ಉಳಿದೆಲ್ಲ ಹೂಳು ಏರಿಯ ಆಚೆಗೆ ಹೋಗಿತ್ತು. ಆ ಮೂಲೆಯನ್ನು ಮುಂದಿನ ವರ್ಷ ನೋಡಿಕೊಂಡರಾಯಿತೆಂದು ಶ್ರೀಗಳು ಹೇಳಿದರು.

ಆಚಾರ್ಯರು ಪಠ್ಯವನ್ನು ಬಿಡಲಿಲ್ಲ. ಮಾತು ಕಟ್ಟುವುದು ಹೇಗೆಂದು ಬರೆದ ಪ್ರತಿ ಪಾಠದ ಕೊನೆಗೂ, ಅಂಥ ಮಾತನ್ನು ಕೇಳಿದವರು ಅದನ್ನು ಬಿಡಿಸಿ ನೋಡುವುದು ಹೇಗೆಂದು ಸೇರಿಸಿದರು. ಉದಾಹರಣೆಗೆ ಬೇರೆಯವರ ಬರಹವನ್ನು ಆರಿಸಲಿಲ್ಲ, ತಮ್ಮ ಮೊದಲ ಬಿನ್ನಹವನ್ನೇ ಇಟ್ಟರು. ರಜ ಬಂದಾಗಲೆಲ್ಲ ತೋಪಿಗೆ ಬಂದು ಅಂಗಳ ಗುಡಿಸುವ ಸೇವೆಯನ್ನು ಶ್ರೀಗಳಿಂದ ಬೇಡಿ ಪಡೆದರು.

ಮಳೆಗಾಲದ ನಡುವೆ ಸಣ್ಣೀರಮ್ಮನ ಕೂಸಿಗೆ ಹೆಸರಿಡುವ ಶಾಸ್ತ್ರವಾಯಿತು. ಅವಳೇ ಹೇಳಿ ಕಳುಹಿಸಿದ್ದರಿಂದ ಶ್ರೀಗಳೂ ಆಚಾರ್ಯರೂ ಹೋದರು. ಕೂಸು ಮೈತುಂಬಿಕೊಂಡು, ಯಾರು ಬಾಗಿದರೂ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಶ್ರೀಗಳು ಅದರ ತಲೆ ನೇವರಿಸಿ ಮಾತಿಲ್ಲದೆ ಹರಸಿದರು. ಪಂಡಿತರು ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಮನೆಯವರೆಲ್ಲ ಕೇಳಿಕೊಂಡರು. ಆಚಾರ್ಯರು ತೊಟ್ಟಿಲ ಬಳಿ ನಿಂತು ಬಹಳ ಹೊತ್ತು ಕೂಸನ್ನೇ ನೋಡಿದರು.

"ಹೊಸ ನೀರು ಬಂದ ಕಟ್ಟೆಯ ಮೇಲೆ ಬೆಳಗಿನ ಬಿಸಿಲು ಬಿದ್ದ ಹಾಗೆ ನಗುತ್ತದೆ ಈ ಮಗು," ಎಂದರು.

ಸಣ್ಣೀರಮ್ಮ ಅವರತ್ತ ನೋಡಿದಳು. "ಇದೂ ನೀವು ಕಟ್ಟಿದ್ದೇನಾ ಪಂಡಿತ್ರೆ?"

"ಹೌದಮ್ಮ, ಕಟ್ಟಿದ್ದೇ. ಬೇಡವಾದರೆ ಬಿಟ್ಟುಬಿಡು."

ಅವಳು ಬಾಗಿ ಕೂಸಿನ ಮುಖ ನೋಡಿದಳು. ಆ ಮಾತಿಗೂ ಈ ಮುಖಕ್ಕೂ ಹೊಂದುತ್ತದೆಯೋ ಎಂದು ಇಟ್ಟು ನೋಡುವವಳಂತೆ ಒಂದು ಗಳಿಗೆ ಹಾಗೆಯೇ ಇದ್ದಳು.

"ಇರ್ಲಿ," ಎಂದಳು. "ಇದು ನಂಗೆ ಬೇಕು."

ಶ್ರೀಗಳು ತೊಟ್ಟಿಲ ಹಗ್ಗ ಹಿಡಿದು ಮೆಲ್ಲಗೆ ತೂಗಿದರು.